ಟವೆಲ್ಲಿನ ಕೆಳಗಿನ ಇಂಗ್ಲಿಷ್

ಗುಡಗೇರಿಯ ಕುರಿ ದಲಾಲಿ ಹನುಮೇಶನ ಮನೆಯ ಗೋಡೆಗೆ ಆ ಮೊಳೆ ಹೊಡೆಯದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೊಳೆ ಹೊಡೆದವಳು ಅವನ ಹೆಂಡತಿ ಸುಧಾರಾಣಿ. ಮೊಳೆಗೆ ತೂಗುಬಿದ್ದದ್ದು ಗಾಜಿನ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟ್. ಹನುಮೇಶನು ಇಂಗ್ಲಿಷ್ ಮಾತಾಡುವ ಶಿಬಿರವನ್ನು ಯಶಸ್ವಿಯಾಗಿ ಮುಗಿಸಿದ್ದಾನೆ ಎಂದು ಅದರಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಅಚ್ಚಾಗಿತ್ತಂತೆ. 'ಅಂತೆ' ಎಂದದ್ದು ಯಾಕೆಂದರೆ ಅದು ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಶಿಬಿರ ನಡೆದದ್ದು ಕುಂದಗೋಳದಲ್ಲಿ. "ಬಾಜೂ ಮನಿ ಕಸ್ತೂರೆವ್ವನ ಮೊಮ್ಮಗಳು ಕೋಳಿ ಕಂಡ್ರ ಹೆನ್ ಅಂತಾಳ. ನೀವು ಇಷ್ಟ ದೊಡ್ಡ ಮನಶ್ಯಾ ಆಗಿ ಕುರಿ ಕಂಡ್ರ ಕುರಿ ಅಂತೀರಿ" ಎಂದು ಸುಧಾರಾಣಿ ಉಣ್ಣುವಾಗ, ಮಲಗುವಾಗ ಚುಚ್ಚಿ ಚುಚ್ಚಿ ಅವನನ್ನು ಅಲ್ಲಿಗೆ ಅಟ್ಟಿದ್ದಳು. ಅಲ್ಲಿ ಒಂದು ತೆಳ್ಳಗಿನ ಹಳದಿ ಪುಸ್ತಕ ಕೊಟ್ಟರು. ಮೊದಲ ಪಾಠ ಕ್ಷೇಮ ಸಮಾಚಾರ, ಚೆನ್ನಾಗಿಯೇ ಹೋಯಿತು. ಆಮೇಲೆ ಹೆಸರು ಕೇಳುವುದು, ಸೂರ್ಯ ಹುಟ್ಟುವುದು, ಹವಾಮಾನ. ಅದೂ ಹೋಯಿತು. ಮುಂದೆ ಒಂದು, ಅನೇಕ ಎಂಬ ಪಾಠ ಬಂತು ನೋಡಿ, ಅಲ್ಲಿ ಹನುಮೇಶನ ಗಾಡಿ ಹೂತುಕೊಂಡಿತು.

"ಒಂದು ಕುರಿ ಇದ್ದರೆ ಶೀಪ್" ಎಂದರು ಮಾಸ್ತರರು. ಹನುಮೇಶ ಬರೆದುಕೊಂಡ. "ನೂರು ಕುರಿ ಇದ್ದರೂ ಶೀಪ್" ಎಂದರು. ಹನುಮೇಶ ಪೆನ್ನು ಮುಚ್ಚಿದ.

"ಅಲ್ರಿ ಸರ, ಒಂದ ನಾಯಿಗೆ ಡಾಗ್, ಹತ್ತ ನಾಯಿಗೆ ಡಾಗ್ಸ್. ಒಂದ ಬೆಕ್ಕಿಗೆ ಕ್ಯಾಟ್, ಹತ್ತ ಬೆಕ್ಕಿಗೆ ಕ್ಯಾಟ್ಸ್. ಕುರಿ ಏನ ಪಾಪ ಮಾಡ್ಯಾವ? ನಾಳೆ ನಾ ಒಂದ ಹಿಂಡ ಕೇಳಿ ಶೀಪ್ ಅಂದೆ, ಅಂವ ಒಂದ ಕುರಿ ತಂದ ಕಟ್ಟಿ ಹ್ವಾದ್ರ ಯಾರ ಮುಂದ ಅಳ್ಳಿ?"

"ಅದು ಹಾಗೇ" ಎಂದರು ಮಾಸ್ತರರು.

ಕುರಿಯನ್ನೇ ಕಾಣದ ಜನ ಮಾಡಿದ ಭಾಷೆ ಇದು ಎಂದು ಹನುಮೇಶನಿಗೆ ಖಾತ್ರಿಯಾಯಿತು. ಅವತ್ತಿನಿಂದ ಅವನು ಹಿಂದಿನ ಸಾಲಿಗೆ ಹೋಗಿ ಫ್ಯಾನಿನ ಕೆಳಗೆ ಕೂತ. ಕೂತವನು ಒರಗಿದ, ಒರಗಿದವನು ನಿದ್ದೆ ಹೋದ. ಹೋದದ್ದು, ಬಂದದ್ದು, ತಿಳಿದದ್ದು, ತಿಳಿಯದ್ದು, ಅಂದರೆ ಆಗಿಹೋದ ಸಂಗತಿಯನ್ನು ಹೇಳುವ 'ಡಿಡ್' ಎಂಬ ದೊಡ್ಡ ಪಾಠ ಅವನ ಗೊರಕೆಯ ಮೇಲಿಂದ ಹಾದುಹೋಯಿತು. ಕೊನೆಯ ದಿನ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ಶಾಮಿಯಾನ ಬಿಚ್ಚಲು ಬಂದವನಿಗೂ ಒಂದು ಸಿಕ್ಕಿತೆಂದು ಸುದ್ದಿ.

ನಿಜ ಹೇಳಬೇಕೆಂದರೆ ಹನುಮೇಶನ ದಂಧೆಗೆ ಇಂಗ್ಲಿಷ್ ಹಾಗಿರಲಿ, ಕನ್ನಡವೂ ಹೆಚ್ಚು ಬೇಕಿಲ್ಲ. ಕುರಿಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಎದುರಿನವನ ಕೈಯನ್ನು ಕೈಯಲ್ಲಿ ಹಿಡಿದು ಮೇಲೆ ಟವೆಲ್ ಮುಚ್ಚಬೇಕು. ಒಳಗೆ ಬೆರಳುಗಳು ಮಾತಾಡುತ್ತವೆ. ಇಷ್ಟು ಬೆರಳು ಹಿಡಿದರೆ ಇಷ್ಟು, ಅಂಗೈ ಗೀರಿದರೆ ಇನ್ನಷ್ಟು ಇಳಿಸು, ಹೆಬ್ಬೆರಳು ಒತ್ತಿದರೆ ಒಪ್ಪಿಗೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಒಪ್ಪಿಗೆಯಾದ ಮೇಲೆ "ಆತು" ಎಂದು ಟವೆಲ್ ತೆಗೆದರೆ ಮುಗಿಯಿತು, ಯಾರು ಬಂದು ಹೇಳಿದರೂ ವ್ಯಾಪಾರ ತಿರುಗುವುದಿಲ್ಲ. ತಿರುಗಿಸಿದವನ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಅವನು ದಲಾಲಿ ಬಿಟ್ಟು ಬೇರೆ ಏನಾದರೂ ನೋಡಿಕೊಳ್ಳಬೇಕು.

ಈ ಕೆಲಸ ಮಾಡಿ ಮಾಡಿ ಹನುಮೇಶನ ಎಡಗೈಗೆ ಒಂದು ಚಟ ಅಂಟಿತ್ತು. ಬಲಗೈಗೆ ಯಾರದೇ ಕೈ ಸಿಕ್ಕರೂ ಎಡಗೈ ತಾನಾಗಿಯೇ ಹೆಗಲ ಮೇಲಿನ ಟವೆಲ್ ಎಳೆದು ಮೇಲೆ ಹೊದಿಸಿಬಿಡುತ್ತಿತ್ತು. ಮದುವೆಯಲ್ಲಿ ಸುಧಾರಾಣಿಯ ಕೈ ಹಿಡಿಸಿದಾಗಲೂ ಹೀಗೇ ಆಗಿ ಇಡೀ ಹಂದರ ನಕ್ಕಿತ್ತು. "ಅವತ್ತ ನನ್ನ ಎಷ್ಟಕ್ಕ ಮುಗಿಸಿದ್ರಿ?" ಎಂದು ಅವಳು ಸಿಟ್ಟು ಬಂದಾಗಲೆಲ್ಲ ಈಗಲೂ ಕೇಳುತ್ತಾಳೆ.

ಹನುಮೇಶ ಊರವರ ಕುರಿಯನ್ನೆಲ್ಲ ಮಾರಿಸಿದ್ದಾನೆ, ಆದರೆ ಮಾರದ ಒಂದೇ ಒಂದು ಜೀವ ಅವನ ಮನೆಯಲ್ಲಿತ್ತು. ಅದು ಸರದಾರ ಎಂಬ ಕರಿ ಟಗರು. ಹುಟ್ಟಿದ ದಿನವೇ ತಾಯಿ ಸತ್ತ ಮರಿಯನ್ನು ಹನುಮೇಶ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಕಂಬಳಿಯೊಳಗೆ ಮಲಗಿಸಿಕೊಂಡು ಸಾಕಿದ್ದ. ಈಗ ಅದರ ಕೋಡು ಎರಡು ಸುತ್ತು ಸುತ್ತಿದೆ. ಪಡಸಾಲೆಯಲ್ಲಿ ಅದಕ್ಕೆ ಬೇರೆ ಜಾಗ, ಸೊಳ್ಳೆಗೆ ಬೇರೆ ಹೊಗೆ. "ಮುಂದಿನ ಜನ್ಮಕ್ಕ ನಾನೂ ಟಗರಾಗಿ ಹುಟ್ಟತೀನಿ" ಎನ್ನುತ್ತಿದ್ದಳು ಸುಧಾರಾಣಿ. ಬಾಜೂ ಓಣಿಯ ಹಿರಿಯ ದಲಾಲಿ ದಾವೂದಸಾಬ ಅದರ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ. ಅವನು ಎದುರು ಬಂದರೆ ಹನುಮೇಶ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ.

ಇಂತಿಪ್ಪ ಹನುಮೇಶನ ಮನೆಗೆ ಒಂದು ಸಂತೆಯ ದಿನ ಬೆಳಿಗ್ಗೆ ಶಂಭುಲಿಂಗಪ್ಪ ಬಂದರು. ಅವರದು ಕಾಳಿನ ಅಂಗಡಿ. ಊರಿನ ಯಾವ ಕೆಲಸಕ್ಕೂ ಕರೆಯುವ ಮೊದಲೇ ಬಂದು ನಿಲ್ಲುವ ಮನುಷ್ಯ.

"ಹನುಮೇಶಾ, ಏಳ ಏಳ! ಯುನಿವರ್ಸಿಟಿಂದ ಒಬ್ಬಾಕಿ ಮೇಡಮ್ ಬರಾಕತ್ತಾಳ. ನಮ್ಮ ಕುರಿಸಂತಿ ನೋಡಾಕ. ಅವರ ಆಫೀಸಿನಾಂವ ಫೋನ್ ಮಾಡಿದ್ದ."

"ಬರ್ಲಿ ಬಿಡ್ರಿ ಸಾವ್ಕಾರ್ರ."

"ಬರ್ಲಿ ಅಂದ್ರ? ಆಕಿ ಕೂಡ ಮಾತಾಡಾಂವ ನೀನ. ನಾ ಹೇಳಿಬಿಟ್ಟೇನಿ. ನಮ್ಮೂರಾಗ ಸರ್ಟಿಫಿಕೇಟ್ ತಗೊಂಡಾಂವ ಒಬ್ಬ ಅದಾನ, ಪಾಪ ಅವಗ ಮಾತಾಡಾಕ ಜೋಡಿನ ಇಲ್ಲ, ಮೇಡಮ್ಮರಿಗೆ ಬರೇ ಇಂಗ್ಲೀಷ ಮಾತಾಡಂತ ಹೇಳ್ರಿ ಅಂತ."

ಹನುಮೇಶನ ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು. "ಆಕಿಗೆ ಕನ್ನಡ ಬರಂಗಿಲ್ಲೇನ್ರಿ?"

"ಯುನಿವರ್ಸಿಟ್ಯಾಕಿಗೆ ಎಲ್ಲಿ ಕನ್ನಡ ಬರ್ತೈತಲೇ!" ಎಂದರು ಶಂಭುಲಿಂಗಪ್ಪ, ಎಲ್ಲ ಬಲ್ಲವರಂತೆ. "ಹಂಗ ಬರುವಾಗ ಸರದಾರನ್ನೂ ಕರಕೊಂಡ ಬಾ. ಸಂತಿಗೆ ಒಂದ ಕಳೆ ಬರ್ತೈತಿ."

ತನಗೆ ಬರುವುದು ಹವಾಮಾನದವರೆಗೆ ಮಾತ್ರ ಎಂದು ಹೇಳಿಬಿಡಬೇಕೆಂದು ಹನುಮೇಶನಿಗೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಗಿಲಲ್ಲಿ ಸುಧಾರಾಣಿ ನಿಂತಿದ್ದಳು. ಅವಳ ಮುಖ ಹೊಸ ಹಿತ್ತಾಳೆ ಕೊಡದ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿ ಅವನು ಚಹಾದ ಜೊತೆ ಆ ಮಾತನ್ನೂ ನುಂಗಿದ.

ಸುದ್ದಿ ತಿಳಿದು ಕಸ್ತೂರೆವ್ವ ಕೋಲೂರಿಕೊಂಡು ಬಂದಳು. "ಎಪ್ಪಾ, ಇಂಗ್ಲೀಷ ಮಾತಾಡುವಾಗ ಬಾಯಿ ಭಾಳ ತೆರೀಬ್ಯಾಡ. ನಾ ಟೀವ್ಯಾಗ ನೋಡೀನಿ. ಅವ್ರು ಹಲ್ಲ ಕಚ್ಚಿ ಮಾತಾಡ್ತಾರ, ಹಲ್ಲಬ್ಯಾನಿ ಇದ್ದವರಗತೆ" ಎಂದು ಕಲಿಸಿಕೊಟ್ಟಳು. ಸುಧಾರಾಣಿ ಪೆಟ್ಟಿಗೆಯಿಂದ ಪ್ಯಾಂಟು ತೆಗೆದಳು. ಹನುಮೇಶ ಹಾಕಿಕೊಂಡ. ಆದರೆ ಹೆಗಲಿಗೆ ಟವೆಲ್ ಏರಿಸಿದಾಗ ಜಗಳ ಹತ್ತಿತು.

"ಪ್ಯಾಂಟಿನ ಮ್ಯಾಲ ಟವೆಲ್ ಯಾಕ್ರಿ? ಇಟ್ಟ ಹೋಗ್ರಿ."

"ಟವೆಲ್ ಇಲ್ಲಂದ್ರ ನನಗ ಮೈಮ್ಯಾಲ ಏನೂ ಇಲ್ಲದಂಗ ಅನಸ್ತೈತಿ."

"ನಾಕ ಮಂದ್ಯಾಗ ನನ್ನ ಮರ್ಯಾದಿ ತೆಗೀಬ್ಯಾಡ್ರಿ!"

ಅವನು ಕೇಳಲಿಲ್ಲ. ಅವತ್ತು ಹೆಂಡತಿಯ ಮಾತು ಕೇಳಿದ್ದರೆ ಬದುಕುತ್ತಿದ್ದ. ಆದರೆ ಗಂಡಸರಿಗೆ ಅದು ಸಂಜೆಯ ಹೊತ್ತಿಗೆ ತಿಳಿಯುತ್ತದೆ.

ಮೇಡಮ್ ಟಂಟಂ ಆಟೋದಿಂದ ಇಳಿದಾಗ ಇಡೀ ಕುರಿಸಂತೆ ಅವಳ ಕಡೆ ತಿರುಗಿತು. ವಯಸ್ಸಿನ್ನೂ ಎಳೆಯದು. ಪ್ಯಾಂಟು, ತಲೆಗೆ ಟೋಪಿ, ಕಣ್ಣಿಗೆ ಕರಿ ಕನ್ನಡಕ, ಬೆನ್ನಿಗೆ ಚೀಲ. ಹನುಮೇಶ ಒಂದು ಕೈಯಲ್ಲಿ ಸರದಾರನ ಹಗ್ಗ ಹಿಡಿದು ಹಲ್ಲು ಕಚ್ಚಿ ನಿಂತ. ಸುತ್ತ ಕುರಿಗಿಂತ ಒತ್ತಾಗಿ ಜನ ನಿಂತರು.

"ಹೌ ಆರ್ ಯು?" ಎಂದಳು ಮೇಡಮ್.

ಹನುಮೇಶನ ಎದೆ ಹಗುರಾಯಿತು. ಇದು ಮೊದಲನೆಯ ಪಾಠ. "ಐ ಆಮ್ ಫೈನ್. ಹೌ ಆರ್ ಯು?"

"ಐ ಆಮ್ ಆಲ್ಸೋ ಫೈನ್. ವಾಟ್ ಇಸ್ ಯುವರ್ ನೇಮ್?"

"ಮೈ ನೇಮ್ ಇಸ್ ಹನುಮೇಶ. ವಾಟ್ ಇಸ್ ಯುವರ್ ನೇಮ್?"

"ಮೈ ನೇಮ್ ಇಸ್ ನೇತ್ರಾ."

ಜನ ಒಮ್ಮೆಲೆ ಉಸಿರು ಬಿಟ್ಟರು. "ಹೆಂಗ ಕುಟ್ಟಾಕತ್ತಾನ ನೋಡ ಮಗಾ!" ಎಂದಿತು ಹಿಂದಿನಿಂದ ಒಂದು ಧ್ವನಿ. ಶಂಭುಲಿಂಗಪ್ಪ ಮುಂದೆ ಬಂದು ಹನುಮೇಶನ ಪಕ್ಕೆಗೆ ತಿವಿದರು.

"ರಸ್ತಾದ್ದು ಕೇಳ. ಸಂತಿಗೆ ಬರೋ ರಸ್ತಾ ಹದಗೆಟ್ಟ ಹೋಗೇತಿ, ಯಾವಾಗ ಮಾಡ್ತೀರಿ ಅಂತ."

ಹನುಮೇಶ ಒಂದು ಗಳಿಗೆ ಯೋಚಿಸಿ, "ದಿ ಸನ್ ರೈಸಸ್ ಇನ್ ದಿ ಈಸ್ಟ್" ಎಂದ.

ಮೇಡಮ್ ಗಂಭೀರವಾಗಿ ತಲೆಯಾಡಿಸಿದಳು. "ಯೆಸ್. ದಿ ಸನ್ ಸೆಟ್ಸ್ ಇನ್ ದಿ ವೆಸ್ಟ್."

"ಏನಂದ್ಲು?"

"ಆಕ್ಕೈತಿ ಅಂದ್ಲ್ರಿ."

"ನೋಡ್ರಪಾ!" ಎಂದು ಶಂಭುಲಿಂಗಪ್ಪ ಜನರ ಕಡೆ ತಿರುಗಿದರು. "ಇಷ್ಟ ವರ್ಷ ಕನ್ನಡದಾಗ ಹೊಯ್ಕೊಂಡ್ವಿ, ಒಬ್ಬರೂ ಹ್ಞೂಂ ಅನಲಿಲ್ಲ. ಇಂಗ್ಲೀಷಿನ್ಯಾಗ ಒಂದ ಮಾತಿಗೆ ಆತು!"

ದಾವೂದಸಾಬನಿಗೂ ಆಸೆ ಹುಟ್ಟಿತು. "ಲೇ ಹನುಮ್ಯಾ, ಸಂತ್ಯಾಗ ನೆರಳಿಲ್ಲ. ತಗಡಿನ ಶೆಡ್ ಒಂದ ಕೇಳ."

ಬಿಸಿಲು ನೆತ್ತಿ ಸುಡುತ್ತಿತ್ತು. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ನಿಂತಿದ್ದವು. "ದಿ ವೆದರ್ ಇಸ್ ವೆರಿ ಪ್ಲೆಸೆಂಟ್ ಟುಡೇ" ಎಂದ ಹನುಮೇಶ.

"ಯೆಸ್, ವೆರಿ ಪ್ಲೆಸೆಂಟ್" ಎಂದಳು ಮೇಡಮ್, ಕರ್ಚೀಪಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ.

"ಶೆಡ್ಡೂ ಆತೇನಲೇ?"

"ಆತು ದಾವೂದಣ್ಣಾ."

ಅಲ್ಲಿಗೆ ಹನುಮೇಶನ ಪುಸ್ತಕ ಮುಗಿಯಿತು. ಮೇಡಮ್ಮಳೂ ಯಾಕೋ ಸುಮ್ಮನಾದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಜನ ಇಬ್ಬರನ್ನೂ ನೋಡಿದರು. ಏನಾದರೂ ಹೇಳಲೇಬೇಕೆಂದು ಹನುಮೇಶ ಟಗರಿನ ಕಡೆ ಕೈ ತೋರಿಸಿ, ಶೀಪ್ ಎನ್ನಲು ಮನಸ್ಸು ಬಾರದೆ, "ದಿಸ್ ಇಸ್ ಎ ಸರದಾರ" ಎಂದ. ಮೇಡಮ್ಮಳ ಮುಖ ಅರಳಿತು. ಅವಳು ಸರದಾರನ ತುಟಿ ಸರಿಸಿ ಹಲ್ಲು ನೋಡಿದಳು, ಬೆನ್ನಿನ ಮೇಲೆ ಬೆರಳಿಟ್ಟು ಒತ್ತಿದಳು. ಯುನಿವರ್ಸಿಟಿಯವರು ಹೀಗೆ ಮುದ್ದು ಮಾಡುತ್ತಾರೆಂದು ಹನುಮೇಶ ತಿಳಿದುಕೊಂಡ. ಆಮೇಲೆ ಅವಳು ಹೊರಡುವವಳಂತೆ ಚೀಲ ಸರಿಮಾಡಿಕೊಂಡು ಬಲಗೈ ಮುಂದೆ ಚಾಚಿದಳು.

ಹನುಮೇಶ ಆ ಕೈ ಹಿಡಿದ. ಎಡಗೈ ಹಗ್ಗ ಬಿಟ್ಟು, ತಾನಾಗಿಯೇ ಮೇಲೆದ್ದು, ಹೆಗಲಿನ ಟವೆಲ್ ಎಳೆದು ಇಬ್ಬರ ಕೈಯ ಮೇಲೂ ಹೊದಿಸಿಬಿಟ್ಟಿತು.

ಅಯ್ಯೋ ಎಂದುಕೊಳ್ಳುವುದರೊಳಗೆ ಟವೆಲ್ಲಿನ ಕೆಳಗೆ ಮೇಡಮ್ಮಳ ಬೆರಳುಗಳು ಅವನ ಬೆರಳುಗಳನ್ನು ಹಿಡಿದವು. ಪಾಪ, ಹೆದರಿ ಹಿಡಿದಿರಬೇಕು. ಹನುಮೇಶನ ತಲೆ ಬ್ಯಾಡ ಬ್ಯಾಡ ಎನ್ನುತ್ತಿತ್ತು, ಆದರೆ ಕೈಗೆ ತಲೆಯ ಮಾತು ಕೇಳಿ ರೂಢಿಯಿರಲಿಲ್ಲ. ಅದು ಉತ್ತರ ಕೊಟ್ಟಿತು. ಅವಳ ಉಗುರು ಅವನ ಅಂಗೈ ಗೀರಿತು. ಅವನ ಕೈ ಇಳಿಸಿತು. ಮತ್ತೆ ಗೀರಿತು, ಮತ್ತೆ ಇಳಿಸಿತು. ಕೊನೆಗೆ ಹೆಬ್ಬೆರಳು ಒತ್ತಿದ್ದು ಅವಳೋ ಅವನೋ ದೇವರಿಗೇ ಗೊತ್ತು. ಹನುಮೇಶನ ಬಾಯಿ "ಆತು!" ಎಂದಿತು, ಎಡಗೈ ಟವೆಲ್ ತೆಗೆಯಿತು.

ಸಂತೆಯಲ್ಲಿ ಒಂದು ಕುರಿಯೂ ಒದರಲಿಲ್ಲ. ಮೇಡಮ್ ಸರದಾರನ ತಲೆ ಸವರಿ, "ಥ್ಯಾಂಕ್ ಯು" ಎಂದು ನಕ್ಕಳು. ಕಾಳಿನ ವ್ಯಾಪಾರಿಯಾದ ಶಂಭುಲಿಂಗಪ್ಪನವರಿಗೆ ಟವೆಲ್ಲಿನ ವಿಚಾರ ಅಷ್ಟು ತಿಳಿಯದು. ಅವರು "ಬರ್ರಿ, ಕಮ್ಮು ಕಮ್ಮು" ಎನ್ನುತ್ತ ಅವಳನ್ನು ಗಿರ್ಮಿಟ್ ತಿನ್ನಿಸಲು ಅಂಗಡಿಗೆ ಕರೆದುಕೊಂಡು ಹೋದರು.

"ಹನುಮ್ಯಾ," ಎಂದ ದಾವೂದಸಾಬ ಮೆಲ್ಲಗೆ, "ಏನ ಆತು?"

"ಏನೂ ಆಗಿಲ್ಲ ದಾವೂದಣ್ಣಾ. ಕೈ ಜಾರಿ ಟವೆಲ್ ಬಿತ್ತು."

"ಟವೆಲ್ ಬಿತ್ತು, ಖರೇ. ಆತು ಅಂದದ್ದು ಯಾರು? ನಿನ್ನ ಬಾಜೂ ಇದ್ದ ಮಾಲು ಒಂದ, ಸರದಾರ. ಅದು ಹೋತಪಾ." ದಾವೂದಸಾಬ ಬಗ್ಗಿ ಬಿದ್ದಿದ್ದ ಹಗ್ಗವನ್ನು ಎತ್ತಿ ತನ್ನ ಮುಂಗೈಗೆ ಸುತ್ತಿಕೊಂಡ.

"ಆಕಿ ಇಂಗ್ಲೀಷಿನಾಕಿ! ಆಕಿಗೆ ಬೆರಳಿನ ಮಾತ ಏನ ತಿಳೀತೈತಿ?"

ದಲಾಲಿಗಳೆಲ್ಲ ಸೇರಿ ಗುಜುಗುಜು ಮಾಡಿದರು. ಇಂತಹ ಪ್ರಸಂಗ ಸಂತೆಯಲ್ಲಿ ಹಿಂದೆ ಬಂದಿರಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯನಾದ ದಾವೂದಸಾಬನೇ ತೀರ್ಪು ಹೇಳಿದ. "ತಿಳೀದ ಹಿಡಿದಿದ್ರ ಅದು ಕೂಸಿನ ಆಟ, ವ್ಯಾಪಾರ ಅಲ್ಲ. ಸರದಾರ ನಿಂದ. ತಿಳಿದ ಹಿಡಿದಿದ್ರ ವ್ಯಾಪಾರ ಖರೇ, ಸರದಾರ ಆಕಿದು. ಆಕಿ ಪ್ಯಾಟ್ಯಾಗ ಟಗರ ಎಲ್ಲಿ ಕಟ್ತಾಳ, ನಾನ ಆಕಿ ಕಡಿಂದ ಕೊಳ್ತೀನಿ. ಈಗ ಆಕಿನ್ನ ಕೇಳಬೇಕು."

"ನೀನ ಕೇಳ" ಎಂದ ಹನುಮೇಶ.

"ನಾ ಹೆಂಗ ಕೇಳ್ಲಿ? ಸರ್ಟಿಫಿಕೇಟ್ ನಂದೈತೇನು?"

ಶಂಭುಲಿಂಗಪ್ಪನವರ ಅಂಗಡಿಗೆ ಹೋದರೆ ಮೇಡಮ್ ಆಗಲೇ ರೈಲು ನಿಲ್ದಾಣಕ್ಕೆ ಹೋಗಿದ್ದಾಳೆಂದು ತಿಳಿಯಿತು. ಇಡೀ ಸಂತೆ ನಿಲ್ದಾಣದ ಕಡೆ ನಡೆಯಿತು. ಮುಂದೆ ಹನುಮೇಶ, ಹಿಂದೆ ದಾವೂದಸಾಬನ ಕೈಯಲ್ಲಿ ಸರದಾರ, ಅದರ ಹಿಂದೆ ಜನ. ದಾರಿಯಲ್ಲಿ ಸುಧಾರಾಣಿ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಸರದಾರನನ್ನು ದಿನಾ ಬೈಯುತ್ತಿದ್ದವಳು ಅವಳೇ, ಈಗ ಅದರ ಕೊರಳಿಗೆ ಬಿದ್ದು ಅಳುವವಳೂ ಅವಳೇ ಆದಳು.

"ಟವೆಲ್ ಬ್ಯಾಡಂದೆ, ಕೇಳಿದ್ರೇನು? ಸರದಾರ ಹ್ವಾದ್ರ ನೀವೂ ಅದರ ಜೋಡಿ ಹೋಗ್ರಿ. ಮನಿಗೆ ಬರಬ್ಯಾಡ್ರಿ!"

ಹನುಮೇಶನ ಕಣ್ಣಲ್ಲಿ ನೀರು ಬಂತು. ನಡೆಯುತ್ತಲೇ ಅವನು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಜೋಡಿಸಲು ನೋಡಿದ. ನಿಮಗೆ ಬೆರಳಿನ ಮಾತು ತಿಳಿದಿತ್ತೇನು? ಕನ್ನಡದಲ್ಲಿ ಎಷ್ಟು ಸುಲಭ. ಇಂಗ್ಲಿಷಿನಲ್ಲಿ ಆಗಿಹೋದದ್ದನ್ನು ಕೇಳಬೇಕೆಂದರೆ ಆ ಡಿಡ್ ಬೇಕು. ಡಿಡ್ ಮುಂದೆ ಬರುತ್ತದೋ ಹಿಂದೆ ಬರುತ್ತದೋ? ಅದು ಬಂದರೆ ಉಳಿದ ಮಾತು ಬದಲಾಗುತ್ತದೋ ಹಾಗೇ ಇರುತ್ತದೋ? ಆ ಫ್ಯಾನಿನ ಗಾಳಿ ಅವನಿಗೆ ಈಗ ಬೆಂಕಿಯಂತೆ ನೆನಪಾಯಿತು. ಒಂದು ಪಾಠದ ನಿದ್ದೆಗೆ ಒಂದು ಟಗರು ದಂಡವೆಂದರೆ ಯಾವ ನ್ಯಾಯ?

ಟಗರನ್ನು ಪ್ಲಾಟ್‌ಫಾರ್ಮಿಗೆ ಬಿಡುವುದಿಲ್ಲವೆಂದು ನಿಲ್ದಾಣದವರು ಗೇಟಿನಲ್ಲೇ ತಡೆದರು. ಜನ ಬೇಲಿಗೆ ಒರಗಿ ನಿಂತರು. ದೂರದ ತುದಿಯ ಬೆಂಚಿನ ಮೇಲೆ ಮೇಡಮ್ ಒಬ್ಬಳೇ ಕೂತಿದ್ದಳು. ಹನುಮೇಶ ಒಬ್ಬನೇ ಅಲ್ಲಿಯವರೆಗೆ ನಡೆದು ಅವಳ ಮುಂದೆ ಕೈಕಟ್ಟಿ ನಿಂತ.

"ಮೇಡಮ್. ಹೌ ಆರ್ ಯು?"

"ಐ ಆಮ್ ಫೈನ್" ಎಂದಳು ಅವಳು, ಯಾಕೋ ದುಃಖದ ಧ್ವನಿಯಲ್ಲಿ. "ಹೌ ಆರ್ ಯು?"

"ಐ ಆಮ್ ನಾಟ್ ಫೈನ್. ದಟ್ ಇಸ್ ಮೈ ಸರದಾರ. ಯು... ಡಿಡ್... ಫಿಂಗರ್... ಇಸ್... ನೋ?" ಎಂದು ಹನುಮೇಶ ತಡವರಿಸಿದ. ಅವಳು ಮಿಕಿಮಿಕಿ ನೋಡಿದಳು. ಅವನು ಮತ್ತೆ ಮೊದಲಿಂದ ಜೋಡಿಸಿದ. "ಡಿಡ್ ಇಸ್ ಯು... ಫಿಂಗರ್ಸ್... ದಿ ವೆದರ್..."

ಮೇಡಮ್ ಆಚೀಚೆ ನೋಡಿದಳು. ಹತ್ತಿರ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕರಿ ಕನ್ನಡಕ ತೆಗೆದು ಎರಡೂ ಕೈ ಮುಗಿದಳು.

"ಕಾಕಾರ, ಸಾಕ ಮಾಡ್ರಿ. ನಂದೂ ಪುಸ್ತಕ ಮುಗದೈತಿ."

ಹನುಮೇಶ ಧೊಪ್ಪನೆ ಬೆಂಚಿನ ಮೇಲೆ ಕುಳಿತ.

"ನಾ ದುಮ್ಮವಾಡದಾಕಿ ರೀ" ಎಂದಳು ನೇತ್ರಾ. "ಕುರಿ ದಲಾಲಿ ಮೈಲಾರಿ ಅಂತ ಅದಾರಲ್ಲ, ಅವರ ಮಗಳು. ಯುನಿವರ್ಸಿಟ್ಯಾಗ ಸಂತಿ ಪದ್ಧತಿ ಮ್ಯಾಲ ಬರ್ಯಾಕತ್ತೀನಿ, ಅದೂ ಕನ್ನಡದಾಗ. ನಿಮ್ಮೂರಾವ್ರು ಇಂಗ್ಲೀಷ್ ಬಿಟ್ರ ಬ್ಯಾರೆ ಮಾತ ಆಡಂಗಿಲ್ಲ, ಆಡಿದ್ರ ಸಿಟ್ಟಾಗ್ತಾರ ಅಂತ ನಮ್ಮ ಆಫೀಸಿನ್ಯಾಗ ಹೇಳಿದ್ರು. ಹೋದ ವರ್ಷ ಕಲಘಟಗ್ಯಾಗ ಒಂದ ಶಿಬಿರ ಆಗಿತ್ತು. ಅವರ ಕೊಟ್ಟ ಹಳದಿ ಪುಸ್ತಕ ಬಾಯಿಪಾಠ ಮಾಡ್ಕೊಂಡ ಬಂದೆ. ನೀವು ವೆದರ್ ಅಂದ್ರಲ್ಲ, ನನಗ ಜೀವ ಹೋದಂಗಾತು. ಮುಂದಿನ ಪಾಠ ಎಲ್ಲಿ ಕೇಳ್ತೀರೋ ಅಂತ ಓಡಿ ಹೋಗಾಕ ಕೈ ಚಾಚಿದೆ."

"ಮತ್ತ... ಟವೆಲ್ಲಿನ ಕೆಳಗ?"

"ನಮ್ಮಪ್ಪ ನನಗ ಅಕ್ಷರಕ್ಕಿಂತ ಮೊದಲ ಬೆರಳ ಕಲಿಸ್ಯಾನ್ರಿ. ನೀವು ಟವೆಲ್ ಹಾಕಿದ್ರಿ. ದಲಾಲಿ ಮಗಳಾಗಿ ಕೈ ಎಳಕೊಂಡ್ರ ಅಪ್ಪನ ಹೆಸರ ಏನಾಗಬೇಕು? ಅದರಾಗ ನಾ ಗೀರಿದಂಗ ಗೀರಿದಂಗ ನೀವು ಇಳಿಸಾಕ ಹತ್ತಿದ್ರಿ. ಇಷ್ಟ ಸೋವಿಗೆ ಅಂಥಾ ಟಗರ ಎಲ್ಲಿ ಸಿಗ್ತೈತಿ ಅಂತ ಮುಗಿಸಿಬಿಟ್ಟೆ. ಅಪ್ಪಗ ಫೋನೂ ಮಾಡೀನಿ. ಅಂವ ಹಟ್ಟ್ಯಾಗ ಜಾಗ ಮಾಡಾಕತ್ತಾನ."

ಹನುಮೇಶ ಆಗ ಅಳಲು ಶುರುಮಾಡಿದ. ಕನ್ನಡದಲ್ಲಿ ಅಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ತಾಯಿ ಇಲ್ಲದ ಮರಿ, ಬಾಟಲಿಯ ಹಾಲು, ಕಂಬಳಿ, ಬಾಗಿಲು ಹಾಕಿಕೊಳ್ಳಲಿರುವ ಹೆಂಡತಿ, ಹಗ್ಗ ಹಿಡಿದು ನಿಂತಿರುವ ದಾವೂದಸಾಬ, ಎಲ್ಲವನ್ನೂ ಹೇಳಿದ. ಕೇಳುತ್ತ ಕೇಳುತ್ತ ನೇತ್ರಾಳೂ ಮೂಗು ಒರೆಸಿಕೊಂಡಳು.

"ಅಳಬ್ಯಾಡ್ರಿ ಕಾಕಾರ. ಟಗರ ನೀವ ಇಟ್ಕೋರಿ. ಅಪ್ಪಗ ನಾ ಹೇಳ್ತೀನಿ. ಆದ್ರ ಮಂದಿಗೆ ಏನಂತ ಹೇಳ್ತೀರಿ? ಖರೇ ವ್ಯಾಪಾರ ತಿರುಗಿಸ್ಯಾನ ಅಂದ್ರ ನಾಳೆ ನಿಮ್ಮ ಕೈ ಯಾರ ಹಿಡೀತಾರ?"

ಅದೂ ನಿಜವೇ. ಇಬ್ಬರೂ ಬೇಲಿಯ ಆಚೆಯ ಜನರ ಕಡೆ ನೋಡಿದರು. ದೂರದಲ್ಲಿ ರೈಲಿನ ಸಪ್ಪಳ ಕೇಳಿತು.

"ಒಂದ ದಾರಿ ಐತ್ರಿ" ಎಂದಳು ನೇತ್ರಾ ಎದ್ದು ನಿಂತು. "ನನಗ ಬೆರಳೂ ತಿಳಿಯಂಗಿಲ್ಲ, ಕನ್ನಡಾನೂ ಬರಂಗಿಲ್ಲ. ನಾ ಅಗದಿ ಇಂಗ್ಲೀಷಿನಾಕಿ. ನೀವು ಇಂಗ್ಲೀಷಿನ್ಯಾಗ ಕೇಳಿದ್ರಿ, ನಾ ಇಂಗ್ಲೀಷಿನ್ಯಾಗ ಗೊತ್ತಿಲ್ಲಂದೆ. ಸಾಯೋತನಕ ಇದ ಮಾತು. ನಾ ದುಮ್ಮವಾಡದಾಕಿ ಅಂತ ಒಮ್ಮೆ ಬಾಯಿಬಿಟ್ರೋ, ಅವತ್ತ ಸರದಾರ ನಿಮ್ಮದಲ್ಲ."

"ಬಿಡಂಗಿಲ್ಲ ನಮ್ಮವ್ವಾ, ಸರದಾರನ ಆಣಿ."

ರೈಲು ಬಂದು ನಿಂತಿತು. ಬಾಗಿಲಲ್ಲಿ ನಿಂತು ನೇತ್ರಾ ಕರಿ ಕನ್ನಡಕ ಹಾಕಿಕೊಂಡು, ಬೇಲಿಯವರೆಗೂ ಕೇಳುವಂತೆ, "ದಿ ಸನ್ ಸೆಟ್ಸ್ ಇನ್ ದಿ ವೆಸ್ಟ್!" ಎಂದು ಕೂಗಿದಳು. ಹನುಮೇಶ ಕೆಳಗಿನಿಂದ, "ಐ ಆಮ್ ಆಲ್ಸೋ ಫೈನ್!" ಎಂದು ಕೈಬೀಸಿದ.

ಅವನು ಗೇಟಿಗೆ ಬಂದಾಗ ಎಲ್ಲರೂ ಮುತ್ತಿಕೊಂಡರು. "ತಿಳಿದಿರಲಿಲ್ಲ ಅಂದ್ಲು" ಎಂದ ಹನುಮೇಶ.

"ಹೆಂಗ ಕೇಳಿದಿ, ಒಮ್ಮೆ ಅಂದ ತೋರಸ" ಎಂದ ದಾವೂದಸಾಬ, ಹಗ್ಗ ಬಿಡದೆ.

ಹನುಮೇಶ ಹಲ್ಲು ಕಚ್ಚಿದ. "ಡಿಡ್ ದಿ ಫಿಂಗರ್ ರೈಸಸ್ ಇನ್ ದಿ ವೆದರ್ ಆಫ್ ಯು?"

ದಾವೂದಸಾಬ ಹಗ್ಗವನ್ನು ಹನುಮೇಶನ ಕೈಗಿಟ್ಟ. ಸುಧಾರಾಣಿ ಸರದಾರನನ್ನು ಬಿಟ್ಟು ಗಂಡನನ್ನು ನೋಡಿದಳು. ಹಾಗೆ ಅವಳು ನೋಡಿ ಬಹಳ ದಿನವಾಗಿತ್ತು. ಹನುಮೇಶನಿಗೆ ಬದುಕಿದೆನೆಂದು ಅನ್ನಿಸಿದ್ದು ಆ ಒಂದು ಗಳಿಗೆ ಮಾತ್ರ. ಯಾಕೆಂದರೆ ಅಷ್ಟರಲ್ಲಿ ಶಂಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು.

"ಕೇಳ್ರಪಾ! ಇಂಗ್ಲೀಷ ಅಂದ್ರ ಏನಂತ ಇವತ್ತ ಕಣ್ಣಾರೆ ಕಂಡ್ವಿ. ರಸ್ತಾ ಬಂತು, ಶೆಡ್ ಬಂತು, ಹೋದ ಟಗರೂ ತಿರುಗಿ ಬಂತು. ಇಂಥಾ ವಿದ್ಯಾ ಒಬ್ಬನ ಹೊಟ್ಟ್ಯಾಗ ಇರಬಾರದು. ಇವತ್ತಿಂದ ದಿನಾ ಸಂಜೀಕ ಹನುಮೇಶನ ಮನ್ಯಾಗ ಇಂಗ್ಲೀಷ ಸಾಲಿ! ಏನಂತಿ ಹನುಮೇಶಾ?"

"ಸಾವ್ಕಾರ್ರ, ನನಗ ಖರೇ ಹೇಳಬೇಕಂದ್ರ..." ಎಂದು ಹನುಮೇಶ ಬಾಯಿ ತೆರೆದ. ಕೈಯಲ್ಲಿದ್ದ ಹಗ್ಗ ಮೆತ್ತಗೆ ಎಳೆಯಿತು. ಸರದಾರ ಅವನ ಮೊಣಕಾಲಿಗೆ ತಲೆ ಉಜ್ಜುತ್ತಿತ್ತು. ದಾವೂದಸಾಬನ ಕಣ್ಣು ಇನ್ನೂ ಆ ಕೋಡುಗಳ ಮೇಲೇ ಇತ್ತು. "...ಭಾಳ ಸಂತೋಷ ಆತ್ರಿ" ಎಂದು ಅವನು ಮಾತು ಮುಗಿಸಿದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬಿತು. ಸರದಾರನ ಜಾಗದಲ್ಲಿ ಶಂಭುಲಿಂಗಪ್ಪ ಕುರ್ಚಿ ಹಾಕಿಸಿಕೊಂಡು ಕೂತರು. ಕಸ್ತೂರೆವ್ವ ಹಲ್ಲು ಕಚ್ಚುವ ಅಭ್ಯಾಸ ಶುರುಮಾಡಿದಳು, ಅವಳಿಗಿದ್ದ ಹಲ್ಲು ಕಡಿಮೆ. ಸುಧಾರಾಣಿ ಗೋಡೆಯ ಸರ್ಟಿಫಿಕೇಟಿಗೆ ಹೂವು ಏರಿಸಿ ಎಲ್ಲರಿಗೂ ಚಹಾ ಕೊಟ್ಟಳು. ಎಲ್ಲರಿಗಿಂತ ಮುಂದೆ, ಹೊಸ ಪೆನ್ನು ಹಿಡಿದು, ದಾವೂದಸಾಬ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಟಗರು ಸಿಗದಿದ್ದರೆ ಇಂಗ್ಲಿಷಾದರೂ ಸಿಗಲಿ ಎಂಬುದು ಅವನ ಹಟ.

"ಸರ," ಎಂದ ಅವನು, ಹನುಮ್ಯಾ ಎನ್ನುವುದನ್ನು ಬಿಟ್ಟು. "ಮೊದಲ ನಮ್ಮ ದಂಧೇದ್ದ ಹೇಳ್ರಿ. ಒಂದ ಕುರಿಗೆ ಏನಂತಾರ್ರಿ?"

"ಶೀಪ್."

ದಾವೂದಸಾಬ ನಾಲಿಗೆ ಕಚ್ಚಿ ಬರೆದುಕೊಂಡ. "ನೂರ ಕುರಿಗೆ?"

ಹನುಮೇಶ ಗೋಡೆಯ ಸರ್ಟಿಫಿಕೇಟನ್ನು ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ, "ಶೀಪ್" ಎಂದ.

ದಾವೂದಸಾಬ ಪೆನ್ನು ಮುಚ್ಚಿದ. "ಅಲ್ರಿ ಸರ, ಕುರಿ ಏನ ಪಾಪ ಮಾಡ್ಯಾವ?"

ಹನುಮೇಶ ತಲೆಯೆತ್ತಿ ಮೇಲೆ ನೋಡಿದ. ಅಲ್ಲಿ ಫ್ಯಾನ್ ಕೂಡ ಇರಲಿಲ್ಲ.